ಮಳೆಗಾಲದ ತರಕಾರಿಯ ಲೆಕ್ಕ ಬೇಸಿಗೆಯಲ್ಲೇ ಆಗಬೇಕು

ಕರಾವಳಿಯ ಮನೆಗಳಲ್ಲಿ ಹಿತ್ತಲ ತರಕಾರಿಯ ತರಬೇತಿ ನೀಡುತ್ತ ನನಗೆ ಇಪ್ಪತ್ತೈದು ವರ್ಷ ಮೀರಿತು. ಜುಲೈ ಬಂತೆಂದರೆ ಕೈಸೇರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಪ್ರತಿ ವರ್ಷ ಉತ್ತರಿಸಿದರೂ ಮರುವರ್ಷ ಅದೇ ಪ್ರಶ್ನೆ ಮರಳಿ ಬರುವುದನ್ನು ಕಂಡು ಬೇಸರವಾಗಿದೆ. ಆದ್ದರಿಂದ ಈ ಬಾರಿ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಬೀಜ ಎಷ್ಟು ಆಳಕ್ಕೆ ಹಾಕಬೇಕು, ದಿನಕ್ಕೆ ಎಷ್ಟು ನೀರು ಎನ್ನುವ ಪ್ರಶ್ನೆಗಳನ್ನು ಕೈಬಿಟ್ಟಿದ್ದೇನೆ. ಅವನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ತರಕಾರಿಯ ಖರ್ಚು ಉಳಿಸೋಣವೆಂದು ಏಪ್ರಿಲ್‌ನಲ್ಲಿ ತಾರಸಿಯ ಮೇಲೆ 30 ಗ್ರೋ ಬ್ಯಾಗ್ ಇಟ್ಟೆವು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ, ಟಾನಿಕ್ ಎಲ್ಲ ಸೇರಿ 16,000 ರೂಪಾಯಿ ಆಯಿತು. ಟೊಮೆಟೊ, ದೊಣ್ಣೆಮೆಣಸು, ಹೂಕೋಸು ಹಾಕಿದ್ದೆವು. ಜುಲೈ ಹೊತ್ತಿಗೆ ಎಲ್ಲವೂ ಸೊರಗಿ ಕೊಳೆತುಹೋದವು. ಯಾವ ಔಷಧ ಹೊಡೆಯಬೇಕು? (ಸುರತ್ಕಲ್‌ನ ಓದುಗರೊಬ್ಬರು)

ಯಾವ ಔಷಧವನ್ನೂ ಹೊಡೆಯಬೇಡಿ. ಮೊದಲು ಲೆಕ್ಕ ನೋಡಿ. ದಿನಕ್ಕೆ 80 ರೂಪಾಯಿಯ ತರಕಾರಿ ತರುವ ಮನೆಗೆ 16,000 ರೂಪಾಯಿ ಎಂದರೆ 200 ದಿನಗಳ ತರಕಾರಿ. ಒಂದು ಟೊಮೆಟೊವನ್ನೂ ಕೊಯ್ಯುವ ಮೊದಲೇ ಅಷ್ಟು ಹಣ ಕೈಬಿಟ್ಟಿತು. ಇನ್ನೊಂದು ಭಾರವೂ ಇದೆ: 40 ಲೀಟರ್ ಹಿಡಿಯುವ ಚೀಲದಲ್ಲಿ ಮಣ್ಣು ತುಂಬಿ ಅದು ಮಳೆಯಲ್ಲಿ ನೆನೆದರೆ ಒಂದೊಂದೂ 60 ಕಿಲೋ ತೂಗುತ್ತದೆ, 30 ಚೀಲಕ್ಕೆ ಎರಡು ಟನ್ನಿನ ಹತ್ತಿರ ಬರುತ್ತದೆ. ಹಳೆಯ ತಾರಸಿಯಾದರೆ ಎಂಜಿನಿಯರನ್ನು ಕೇಳದೆ ಅಷ್ಟು ಭಾರ ಹೇರುವುದು ಸರಿಯಲ್ಲ.

ಇನ್ನು ಗಿಡಗಳ ವಿಷಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಹೂಕೋಸು ಮತ್ತು ದೊಣ್ಣೆಮೆಣಸು ತಂಪು, ಒಣ ಹವೆಯಲ್ಲಿ ಬರುವ ಬೆಳೆಗಳಾದ್ದರಿಂದ ಆಷಾಢದ ಮಳೆಯಲ್ಲಿ ಅವು ಬದುಕಲಿಲ್ಲವೆಂದರೆ ಅದಕ್ಕೆ ರೋಗ ಹುಡುಕುವ ಅಗತ್ಯವಿಲ್ಲ. ಕೋಕೋಪೀಟ್ ನೀರನ್ನು ಹೀರಿ ಹಿಡಿದಿಡುವ ವಸ್ತು; ಮಾರ್ಚ್‌ನಲ್ಲಿ ಅದು ಉಪಕಾರಿ, ಜುಲೈಯಲ್ಲಿ ಅದೇ ಗುಣದಿಂದ ಬೇರನ್ನು ಕೊಳೆಸುತ್ತದೆ. ಅದರಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶವೂ ಹೆಚ್ಚಿಲ್ಲ. ಟಾನಿಕ್ ಬಾಟಲಿಯನ್ನು ಮನೆಬಾಗಿಲಿಗೆ ತಂದು ಮಾರುವವರನ್ನು, ದಯವಿಟ್ಟು, ಗೇಟಿನಿಂದಲೇ ವಾಪಸು ಕಳುಹಿಸಿ. ಏನು ಬೆರೆಸಿದ್ದಾರೆಂದು ಚೀಟಿಯ ಮೇಲೆ ಬರೆಯದ ಯಾವ ದ್ರವಕ್ಕೂ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಟೊಮೆಟೊದ ಮಾತು ಬೇರೆ. ಎಲೆ ಹಸಿರಾಗಿರುವಾಗಲೇ ಗಿಡ ಎರಡು ದಿನಗಳಲ್ಲಿ ಜೋತುಬಿದ್ದಿದ್ದರೆ ಒಂದು ಪರೀಕ್ಷೆ ಮಾಡಿ. ಬುಡದ ಹತ್ತಿರದ ಕಾಂಡವನ್ನು ಎರಡು ಇಂಚಿನಷ್ಟು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿಯನ್ನಷ್ಟೇ ಮುಳುಗಿಸಿ, ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಹುಳಿ ಮಣ್ಣು, ಸೆಕೆ, ತೇವ ಮೂರೂ ಇರುವ ನಮ್ಮ ಊರುಗಳಲ್ಲಿ ಅದು ಸಾಮಾನ್ಯ. ತಗುಲಿದ ಗಿಡವನ್ನು ಉಳಿಸುವ ಔಷಧವಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಆ ಚೀಲದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು, ಶುಂಠಿ ಹಾಕದೆ ಬೆಂಡೆ ಅಥವಾ ಅಲಸಂಡೆ ಹಾಕಿ. ಟೊಮೆಟೊ ಬೇಕೇ ಬೇಕೆಂದರೆ ಮಳೆ ಹಿಂದೆ ಸರಿದ ಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಹಾಕಿ ನೋಡಿ. ಅದು ಈ ರೋಗವನ್ನು ತಡೆದುಕೊಳ್ಳುತ್ತದೆ. ಆದರೆ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಭಾಗದಲ್ಲಿ ತರಕಾರಿಯ ಖರ್ಚು ಏರುವುದು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಘಟ್ಟದ ಮೇಲಿನಿಂದ ಬರುವ ತರಕಾರಿಗೆ ಆಗ ಬೆಲೆ ಹೆಚ್ಚು, ಬಾಳಿಕೆ ಕಡಿಮೆ. ಬುಧವಾರ ತಂದ ಬೀನ್ಸ್ ಶುಕ್ರವಾರಕ್ಕೆ ಲೋಳೆಯಾಗುತ್ತದೆ. ಈ ಮೂರು ತಿಂಗಳಿಗೆ ಮೊದಲೇ ಏರ್ಪಾಡು ಮಾಡಿಕೊಂಡ ಮನೆಗೆ ವರ್ಷದ ಉಳಿದ ಭಾಗ ಭಾರವಾಗುವುದಿಲ್ಲ. ಆದ್ದರಿಂದ ಬೀಜದ ಪೊಟ್ಟಣಕ್ಕಿಂತ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ಕಳೆದ ಮಳೆಗಾಲದಲ್ಲಿ ವಾರಕ್ಕೆ ಯಾವ ತರಕಾರಿ ಎಷ್ಟು ಕಿಲೋ ತಂದಿರಿ, ಅದರಲ್ಲಿ ಎಷ್ಟು ಕೊಳೆತು ಹೊರಗೆ ಹೋಯಿತು ಎಂದು ನೆನಪಿದ್ದಷ್ಟು ಬರೆಯಿರಿ. ಮನೆಯವರು ತಿನ್ನುವುದನ್ನೇ ಬೆಳೆಯಿರಿ. ಹಾಗಲಕಾಯಿ ಮುಟ್ಟದ ಮಕ್ಕಳಿರುವ ಮನೆಯಲ್ಲಿ ಹಾಗಲದ ಚಪ್ಪರ ಹಾಕಿ, ಕೊನೆಗೆ ಕಾಯಿಗಳನ್ನು ನೆರೆಮನೆಗೆ ಹಂಚಿದವರು ಎಷ್ಟೋ ಮಂದಿ ಇದ್ದಾರೆ.

ಮಣ್ಣಿನ ಸಿದ್ಧತೆ ಏಪ್ರಿಲ್‌ನಲ್ಲಿ ಆಗಬೇಕು. ನಮ್ಮ ಮುರಕಲ್ಲು ಮಣ್ಣು ಹುಳಿ. ಮಳೆ ಅದರ ಸುಣ್ಣ ಮತ್ತು ಪೊಟ್ಯಾಷ್ ಅಂಶವನ್ನು ವರ್ಷವರ್ಷವೂ ತೊಳೆದುಕೊಂಡು ಹೋಗುತ್ತದೆ, ಹಾಕಿದ ರಂಜಕವನ್ನು ಅಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಸೆಂಟ್ಸ್ ಜಾಗಕ್ಕೆ 2ರಿಂದ 3 ಕಿಲೋ ಕೃಷಿ ಸುಣ್ಣವನ್ನು ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು ಹಟ್ಟಿ ಗೊಬ್ಬರ ಹಾಕಿ. ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸುಡುಸುಣ್ಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗಿಡದ ಬುಡಕ್ಕೂ ಹಾಕಬೇಡಿ. ಬ್ರಹ್ಮಾವರದ ಮತ್ತು ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ, ವರದಿ ಕೈಗೆ ಬಂದರೆ ಅದರಂತೆಯೇ ನಡೆಯಿರಿ. ಅಂಗಳದ ತರಗೆಲೆಯನ್ನು ಪಂಚಾಯತಿನ ಕಸದ ಗಾಡಿಗೆ ಕೊಟ್ಟು ಪೇಟೆಯಿಂದ ಗೊಬ್ಬರ ತರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದೇ ತರಗೆಲೆ, ಸೆಗಣಿ, ಸುಡುಮಣ್ಣು ನಮ್ಮ ಹಿರಿಯರಿಗೆ ಸಾಕಾಗಿತ್ತು, ಇಂದಿಗೂ ಸಾಕು.

ಮಡಿಯನ್ನು ನೆಲಮಟ್ಟದಿಂದ ಒಂದು ಅಡಿ ಎತ್ತರಿಸಿ, ಎರಡು ಬದಿಗೂ ಕಣಿ ತೆಗೆದು, ಪತ್ತನಾಜೆಯ ಆಸುಪಾಸಿನಲ್ಲಿ, ಎಂದರೆ ಮೇ ಕೊನೆಯ ವಾರದೊಳಗೆ, ಬೆಂಡೆ, ಮುಳ್ಳುಸೌತೆ, ಹೀರೆ, ಪಡುವಲದ ಬೀಜ ಬಿತ್ತಿ ಮುಗಿಸಿ. ದೊಡ್ಡ ಮಳೆ ಹಿಡಿಯುವ ಮೊದಲು ಗಿಡಕ್ಕೆ ನಾಲ್ಕು ಎಲೆ ಬಂದಿರಬೇಕು. ಜೂನ್ ಹದಿನೈದರ ಮೇಲೆ ಬಿತ್ತಿದ ಬೀಜ ಮಣ್ಣಿನಲ್ಲೇ ಕೊಳೆಯುವುದೇ ಹೆಚ್ಚು. ಹೀಗೆ ಬಿತ್ತಿದ ಬೆಂಡೆ ಮತ್ತು ಮುಳ್ಳುಸೌತೆ ಜುಲೈ ನಡುವಿನಿಂದ ಕಾಯಿ ಕೊಡಲು ತೊಡಗಿ ಚೌತಿಯವರೆಗೂ ಕೈಹಿಡಿಯುತ್ತವೆ. ಹರಿವೆಗೆ ಅವಸರ ಬೇಡ. ಮಳೆಯ ಹೊಡೆತಕ್ಕೆ ಅದು ನೆಲಕಚ್ಚುತ್ತದೆ, ಅಕ್ಟೋಬರ್‌ನಲ್ಲಿ ಬಿತ್ತಿದರೆ ನೋಡಲೂ ಚೆನ್ನ, ಉಣ್ಣಲೂ ಚೆನ್ನ.

ಹಾಗಾದರೆ ಜೂನ್ ತಿಂಗಳಿಗೆ ಏನು ಎಂದು ಕೇಳುತ್ತೀರಿ. ಅಲ್ಲಿಯೇ ಮಂಗಳೂರು ಸೌತೆ ಬರುತ್ತದೆ. ಬೇಸಿಗೆಯಲ್ಲಿ ಕೊಯ್ದ ಸೌತೆಯನ್ನು, ಅದು ಪೂರ್ತಿ ಬಲಿತಿದ್ದರೆ ಮತ್ತು ತೊಟ್ಟು ಮುರಿಯದಿದ್ದರೆ, ತಿಂಗಳುಗಟ್ಟಲೆ ಇಡಬಹುದು. ತೊಳೆಯಬಾರದು, ಒಣ ಬಟ್ಟೆಯಿಂದ ಮಣ್ಣು ಒರೆಸಿದರೆ ಸಾಕು. ಬಾಳೆನಾರಿನ ಎರಡು ಎಳೆಯನ್ನು ಕಾಯಿಯ ಎರಡೂ ತುದಿಗೆ ಉಂಗುರದಂತೆ ಸುತ್ತಿ, ಮಾಡಿನ ಪಕಾಸಿಗೋ ಗೋಡೆಯ ಮೊಳೆಗಳ ನಡುವೆ ಕಟ್ಟಿದ ಹಗ್ಗಕ್ಕೋ ಒಂದಕ್ಕೊಂದು ತಾಗದಂತೆ ತೂಗುಹಾಕಿ. ನಾನು ಪ್ರತಿ ಭಾನುವಾರ ಹೆಬ್ಬೆರಳಿನಿಂದ ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡುತ್ತೇನೆ. ತೊಟ್ಟಿನ ಬಳಿ ಸ್ವಲ್ಪವೇ ಮೆತ್ತಗಾದದ್ದು ಅದೇ ದಿನ ಅಡುಗೆಮನೆಗೆ ಹೋಗುತ್ತದೆ. ಒಂದು ಸೌತೆಯಿಂದ ಎರಡು ಹೊತ್ತಿನ ಅಡುಗೆಯಾಗಬೇಕು: ಸಿಪ್ಪೆಸಹಿತ ಹೋಳಿನಿಂದ ಮಧ್ಯಾಹ್ನದ ಕೊದ್ದೆಲ್ (ಕಾಯಿ ಅರೆದು ಹಾಕಿದ ಹುಳಿ), ತಿರುಳಿನಿಂದ ರಾತ್ರಿಯ ಸಾರು. ಚೆನ್ನಾಗಿ ಬಲಿತ ಒಂದು ಕಾಯಿಯ ಬೀಜವನ್ನು ಬೂದಿಯಲ್ಲಿ ಉಜ್ಜಿ ನೆರಳಿನಲ್ಲಿ ಒಣಗಿಸಿಟ್ಟರೆ ಮುಂದಿನ ಬಿತ್ತನೆಗೆ ಅಂಗಡಿಗೆ ಹೋಗಬೇಕಾಗಿಲ್ಲ.

ಸೌತೆಯ ಜೊತೆಗೆ ಕೆಂಪು ಮಣ್ಣು ಮೆತ್ತಿ ಒಣಗಿಸಿಟ್ಟ ಹಲಸಿನ ಬೇಳೆ, ಭರಣಿಯ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಅಟ್ಟದ ಮೇಲಿನ ಕುಂಬಳ ಇದ್ದರೆ ತುಳುವರ ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ದಿನಗಳು, ಚಿಂತೆಯಿಲ್ಲದೆ ಕಳೆಯುತ್ತದೆ. ಹಿತ್ತಲಲ್ಲಿ ತಾನಾಗಿ ಬರುವ ಕೆಸು, ತಜಂಕು (ತಗಚೆ ಸೊಪ್ಪು), ಒಂದೆಲಗ ಹೇಗೂ ಇವೆ. ಇವನ್ನು ಬಡವರ ಊಟವೆಂದು ನಾಚಿಕೊಳ್ಳುವವರು, ಅದೇ ಕೆಸುವಿನೆಲೆಯ ಪತ್ರೊಡೆಯನ್ನು ಆಟಿ ಕೂಟದಲ್ಲಿ ದುಡ್ಡು ಕೊಟ್ಟು ತಿನ್ನುವುದನ್ನು ನೋಡಿದ್ದೇನೆ. ಕೆಸುವಿನ ತುರಿಕೆಗೆ ಹುಣಸೆಹುಳಿ ಧಾರಾಳವಾಗಿ ಹಾಕಿ, ಚೆನ್ನಾಗಿ ಬೇಯಿಸಿ. ಗುರುತು ಖಚಿತವಿಲ್ಲದ ಯಾವ ಸೊಪ್ಪನ್ನೂ, ಯಾವ ಮರದ ತೊಗಟೆಯನ್ನೂ, ಯಾರೋ ಹೇಳಿದರೆಂದು ಮನೆಗೆ ತರಬೇಡಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವಳೆಂದು ಕೆಲವರು ಹೇಳುತ್ತಾರೆ, ಹೇಳಲಿ.

ನಿಮ್ಮಲ್ಲಿರುವುದು ತಾರಸಿ ಮಾತ್ರವಾದ್ದರಿಂದ 30 ಚೀಲಗಳಲ್ಲಿ ಆರನ್ನು ಉಳಿಸಿಕೊಂಡು, ಗೋಡೆಯ ಅಥವಾ ತೊಲೆಯ ಮೇಲೆ ಭಾರ ಬೀಳುವ ಅಂಚಿನಲ್ಲಿಡಿ. ಎರಡರಲ್ಲಿ ತೊಂಡೆ, ಒಂದರಲ್ಲಿ ಬಸಳೆ, ಒಂದರಲ್ಲಿ ಕರಿಬೇವು, ಒಂದರಲ್ಲಿ ಕಾಯಿಮೆಣಸು, ಇನ್ನೊಂದರಲ್ಲಿ ಸಾಂಬಾರ ಸೊಪ್ಪು ಮತ್ತು ಒಂದೆಲಗ. ತೊಂಡೆ, ಬಸಳೆಗಳ ಬಳ್ಳಿಯ ತುಂಡನ್ನು ಪರಿಚಯದ ಮನೆಯವರು ಸಂತೋಷದಿಂದ ಕೊಡುತ್ತಾರೆ. ಬಸಳೆಯ ಎಲೆಗೆ ಮಳೆಯಲ್ಲಿ ಚುಕ್ಕೆ ಬಿದ್ದರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ. ಅದಕ್ಕೂ ಔಷಧ ಕೇಳಿ ಪತ್ರ ಬರೆಯಬೇಡಿ.

ಪ್ರಶ್ನೆ: ಅಕ್ಕಿ ತೊಳೆದ ನೀರು, ಮೊಟ್ಟೆಯ ಚಿಪ್ಪು, ಎಪ್ಸಮ್ ಸಾಲ್ಟ್ ಹಾಕಿದರೆ ಗಿಡ ದುಪ್ಪಟ್ಟು ಕಾಯಿ ಬಿಡುತ್ತದೆಯೇ? (ಮಣಿಪಾಲ)

ಇಲ್ಲ. ಅಕ್ಕಿ ತೊಳೆದ ನೀರನ್ನು ಹಾಕಿ, ಗಿಡಕ್ಕೆ ನೀರಾದರೂ ಸಿಗುತ್ತದೆ.

ಪ್ರಶ್ನೆ: ಮಣ್ಣಿಲ್ಲದೆ ಬೆಳೆಯುವ ಹೈಡ್ರೋಪೋನಿಕ್ಸ್ ಕಿಟ್ ಕೊಂಡರೆ ಖರ್ಚು ಉಳಿಯುವುದೇ? (ಕದ್ರಿ)

ನಾಲ್ಕು ಜನರ ಮನೆಗೆ ಉಳಿಯುವುದಿಲ್ಲ.

ಪ್ರಶ್ನೆ: ಕುಚ್ಚಲಕ್ಕಿ ಬೇಯಿಸುವುದಕ್ಕೇ ಗ್ಯಾಸ್ ಮುಗಿಯುತ್ತದೆ. ಬೆಳ್ತಿಗೆಗೆ (ಬಿಳಿ ಅಕ್ಕಿಗೆ) ಬದಲಾಯಿಸಬೇಕೆ? (ಕಾರ್ಕಳ)

ಬದಲಾಯಿಸಬೇಡಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕುದಿ ಬರಿಸಿ, ಪಾತ್ರೆಯನ್ನು ಮುಚ್ಚಳಸಹಿತ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಟ್ಟುಬಿಟ್ಟರೆ ಉಳಿದ ಬೇಯುವಿಕೆ ಉರಿಯಿಲ್ಲದೆ ಆಗುತ್ತದೆ. 14.2 ಕಿಲೋ ಸಿಲಿಂಡರ್ ಎಷ್ಟು ದಿನ ಬಂತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಬೆಳಿಗ್ಗೆ ಇಟ್ಟದ್ದನ್ನು ಮಧ್ಯಾಹ್ನ ಬಿಸಿಯಿರುವಾಗಲೇ ಬಸಿಯಬೇಕು. ಉಗುರುಬೆಚ್ಚಗಾಗುವವರೆಗೆ ಅದರಲ್ಲೇ ಬಿಟ್ಟರೆ ಅನ್ನ ಕೆಡುತ್ತದೆ.

ಪ್ರಶ್ನೆ: ಸೌತೆಯ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆದರೂ ಕಹಿ ಹೋಗಲಿಲ್ಲ. ಬೆಲ್ಲ ಹಾಕಿ ಗೊಜ್ಜು ಮಾಡಬಹುದೇ? (ಉಡುಪಿ)

ಮಾಡಬಾರದು. ಉಜ್ಜುವುದರಿಂದ ಕಹಿ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಬೆಲ್ಲ ಅದನ್ನು ನಾಲಗೆಯಿಂದ ಮರೆಮಾಡುತ್ತದೆ, ಅಷ್ಟೇ. ಸೌತೆ, ಹೀರೆ, ಸೋರೆಗಳಲ್ಲಿ ಅತಿಯಾದ ಕಹಿ ಬಂದರೆ ಅದರಲ್ಲಿರುವ ಅಂಶ ವಾಂತಿಭೇದಿ ತರಿಸಬಲ್ಲದು. ಹೆಚ್ಚುವ ಮೊದಲು ಸಣ್ಣ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿ. ಕಹಿಯಾದರೆ ಬಾಯಿ ಮುಕ್ಕಳಿಸಿ, ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ಮಳೆಗೆ ಕೊಬ್ಬರಿಗೆ ಬೂಷ್ಟು ಬಂದಿದೆ. ತೊಳೆದು ಒಣಗಿಸಿ ಗಾಣಕ್ಕೆ ಕೊಟ್ಟರೆ ಎಣ್ಣೆಗೆ ತೊಂದರೆಯಿಲ್ಲವೆಂದು ಮನೆಯಲ್ಲಿ ಹೇಳುತ್ತಾರೆ. ಎಸೆಯಲು ಮನಸ್ಸು ಬರುವುದಿಲ್ಲ. (ಕುಂದಾಪುರ)

ಮನಸ್ಸು ಬರದಿದ್ದರೂ ಎಸೆಯಿರಿ. ಹಸಿರು, ಹಳದಿ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುವಂಥದ್ದು, ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ, ತೊಳೆದರೆ ಹೋಗುವುದೂ ಇಲ್ಲ. ಮೇಲಿನ ಬೂಷ್ಟನ್ನು ಬಟ್ಟೆಯಲ್ಲಿ ಒರೆಸಿದ ಕೊಬ್ಬರಿ ಕಣ್ಣಿಗೆ ಶುದ್ಧವಾಗಿ ಕಂಡರೂ ಒಳಗೆ ಹಾಗಿರುವುದಿಲ್ಲ. ದನಕ್ಕೆ ಹಾಕೋಣವೆಂದೂ ಯೋಚಿಸಬೇಡಿ, ಅದು ಹಾಲಿನಲ್ಲಿ ಮರಳಿ ಬರುತ್ತದೆ. ಮುಂದಿನ ವರ್ಷ ಏಪ್ರಿಲ್ ಬಿಸಿಲಿನಲ್ಲಿಯೇ ಒಣಗಿಸಿ, ಮುರಿದಾಗ ಟಕ್ಕೆಂದು ಸದ್ದು ಬರುವ ಹದಕ್ಕೆ ಬಂದ ಮೇಲೆ, ಮೇ ತಿಂಗಳೊಳಗೆ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿಡಿ. ಮಳೆಗಾಲಕ್ಕೆ ಕೊಬ್ಬರಿಯನ್ನು ಉಳಿಸಿಕೊಳ್ಳಬೇಡಿ. ಎಣ್ಣೆಯನ್ನು ತೇವ ಸ್ವಲ್ಪವೂ ಇಲ್ಲದ ಪಾತ್ರೆಯಲ್ಲಿ ತುಂಬಿಸಿ, ಒದ್ದೆ ಸೌಟು ಅದರೊಳಗೆ ಹೋಗದಂತೆ ನೋಡಿಕೊಳ್ಳಿ.