ಕಡಿಮೆ ಬಜೆಟ್‌ನಲ್ಲಿ ನಿಖರವಾದ ರೈಫಲ್: ಸೆಮಿ ಆಟೋಮ್ಯಾಟಿಕ್ ಬೇಕೇ?

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಕೆಲಸ. ಅಮೆರಿಕದಲ್ಲಿದ್ದಾಗ ಗೆಳೆಯನ ರೂಗರ್ 10/22 ರೈಫಲ್‌ನಲ್ಲಿ ಗುರಿ ಹೊಡೆದು ರುಚಿ ಹತ್ತಿತು. ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಅಂಥದ್ದೇ ಸೆಮಿ ಆಟೋಮ್ಯಾಟಿಕ್ ರೈಫಲ್ ಬೇಕು. ನಿಖರವಾಗಿರಬೇಕು, 60 ಸಾವಿರ ರೂಪಾಯಿ ದಾಟಬಾರದು. ಯಾವುದು ತಗೊಳ್ಳಲಿ ಸರ್?
– ಓದುಗರು, ವೈಟ್‌ಫೀಲ್ಡ್

ಉತ್ತರ: ನಿಮ್ಮ ಮೂರು ಷರತ್ತುಗಳಲ್ಲಿ ಎರಡನ್ನು ಉಳಿಸಿಕೊಳ್ಳಬಹುದು. ಸೆಮಿ ಆಟೋಮ್ಯಾಟಿಕ್, ಅಂದರೆ ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿ ಮುಂದಿನದು ತಾನಾಗಿಯೇ ತುಂಬಿಕೊಳ್ಳುವುದು, ಅನ್ನೋದನ್ನು ಮಾತ್ರ ಬಿಡಬೇಕಾಗುತ್ತದೆ.

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಪಿಸ್ತೂಲುಗಳನ್ನು ಬಿಟ್ಟರೆ ಉಳಿದ ಸೆಮಿ ಆಟೋಮ್ಯಾಟಿಕ್ ಬಂದೂಕುಗಳು ಸಾಮಾನ್ಯ ರೈಫಲ್‌ಗಳ ಸಾಲಿನಲ್ಲಿ ಇಲ್ಲ, ನಿರ್ಬಂಧಿತ ವರ್ಗದಲ್ಲಿವೆ. ಅಮೆರಿಕದಲ್ಲಿ ಅಂಗಡಿಗೆ ಹೋಗಿ ಕೊಳ್ಳುವ ವಸ್ತು ಇಲ್ಲಿ ನಿಮ್ಮ ಕೈಗೆ ಸಿಗುವ ಮಾತೇ ಅಲ್ಲ. ಕೊಡಗಿನ ಗೆಳೆಯರ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯ ಜಮೀನಿನವರಿಗೆ) ಇರುವ ವಿಶೇಷ ವಿನಾಯಿತಿ. ನಿಮಗೂ ನನಗೂ ಅನ್ವಯಿಸುವುದಿಲ್ಲ.

ಕಾನೂನನ್ನು ಪಕ್ಕಕ್ಕಿಟ್ಟರೂ ನಾನು ಇದನ್ನೇ ಹೇಳುತ್ತಿದ್ದೆ. ರೂಗರ್ 10/22 ಒಳ್ಳೆಯ ರೈಫಲ್, 1964ರಿಂದ ತಯಾರಾಗುತ್ತಿದೆ. ಆದರೆ ಅದರಂಥ .22 ಇಂಚು ಬೋರ್‌ನ ಸೆಮಿ ಆಟೋಮ್ಯಾಟಿಕ್‌ನಲ್ಲಿ ಗುಂಡು ತಾನಾಗಿಯೇ, ಸಿಕ್ಕಿಹಾಕಿಕೊಳ್ಳದೆ ಒಳಗೆ ಹೋಗಬೇಕು. ಅದಕ್ಕಾಗಿ ಚೇಂಬರನ್ನು, ಅಂದರೆ ಗುಂಡು ಕೂರುವ ಗೂಡನ್ನು, ಸ್ವಲ್ಪ ಸಡಿಲವಾಗಿ ಕೊರೆದಿರುತ್ತಾರೆ. ಮ್ಯಾಗಜೀನ್‌ನಿಂದ ನುಗ್ಗುವಾಗ ಮೆತ್ತನೆಯ ಸೀಸದ ತುದಿಗೆ ಪೆಟ್ಟಾಗುವುದೂ ಉಂಟು. ಟ್ರಿಗರ್ ಸಾಮಾನ್ಯವಾಗಿ ಗಡುಸು. ಒಳ್ಳೆಯ ಬ್ಯಾರೆಲ್, ಟ್ರಿಗರ್ ಹಾಕಿಸಿದರೆ ಅದೂ ಚೆನ್ನಾಗಿ ಹೊಡೆಯುತ್ತದೆ, ನಿಜ. ಆದರೆ ಆಗ ಕಡಿಮೆ ಬಜೆಟ್ ಅನ್ನುವ ಮಾತು ಎಲ್ಲಿ ಉಳಿಯಿತು?

ಇನ್ನೊಂದು ವಿಷಯ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಲ್ಲಿ ಗುಂಡನ್ನು ಒಂದೊಂದಾಗಿ ಕೈಯಿಂದಲೇ ಹಾಕಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದದ್ದು ಒಂದೊಂದೇ ಗುಂಡು ತುಂಬುವ .22 ರೈಫಲ್‌ನಲ್ಲಿ. 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 60 ಗುಂಡಿಗೆ 75 ನಿಮಿಷ ಕೊಡುತ್ತಾರೆ. ಅಂದರೆ ಒಂದಕ್ಕೆ ಒಂದೂಕಾಲು ನಿಮಿಷ. ಇಲ್ಲಿ ಯಾರಿಗೂ ಅವಸರ ಇಲ್ಲ. ಪಟಪಟ ಹೊಡೆಯುವ ಮಜಾನೇ ಬೇಕೆಂದರೆ ಅದು 25 ಮೀಟರ್ ಪಿಸ್ತೂಲಿನ ಕಡೆ ಇದೆ. ರ‍್ಯಾಪಿಡ್ ಫೈರ್‌ನಲ್ಲಿ ಕೊನೆಯ ಸರಣಿಗಳಲ್ಲಿ ಐದು ಗುಂಡಿಗೆ ನಾಲ್ಕೇ ಸೆಕೆಂಡು.

ಹಾಗಾದರೆ 60 ಸಾವಿರಕ್ಕೆ ಏನು? 4.5 ಮಿಲಿಮೀಟರ್, ಅಂದರೆ .177 ಬೋರ್‌ನ ಏರ್ ರೈಫಲ್. ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ. ಏರ್ ಗನ್ ಅಂದರೆ ಜಾತ್ರೆಯ ಬಲೂನು ಒಡೆಯೋದು ಅಂದುಕೊಳ್ಳಬೇಡಿ. 10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಏರ್ ರೈಫಲ್‌ನ ಗುಂಡು, ಅಂದರೆ ಪೆಲೆಟ್ಟೇ ಅದಕ್ಕಿಂತ ಒಂಬತ್ತು ಪಟ್ಟು ಅಗಲ.

ಅಂಗಡಿಯಲ್ಲಿ ಮೊದಲು ವೇಗದ ಲೆಕ್ಕ ಹೇಳುತ್ತಾರೆ. ಸೆಕೆಂಡಿಗೆ 1000 ಅಡಿ ಸರ್, ಅಂತ. ಆ ಮಾತಿಗೆ ಮರುಳಾಗಬೇಡಿ. ಮ್ಯಾಚ್ ರೈಫಲ್‌ಗಳು, ಅಂದರೆ ಸ್ಪರ್ಧೆಗೆಂದೇ ಮಾಡಿದ ಏರ್ ರೈಫಲ್‌ಗಳು, ಹೊಡೆಯುವುದು ಸೆಕೆಂಡಿಗೆ ಸುಮಾರು 570 ಅಡಿ ವೇಗದಲ್ಲಿ. ಶಕ್ತಿ ಎಂಟು ಜೂಲ್ ಆಸುಪಾಸು. ಕಾಗದ ತೂತು ಮಾಡಲು ಅಷ್ಟು ಸಾಕು.

ಸ್ಪ್ರಿಂಗ್ ಗನ್ ಅಗ್ಗ. ಆದರೆ ಪೆಲೆಟ್ ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಪಿಸ್ಟನ್ ಮುಂದಕ್ಕೆ ಹಾರಿ ಬಡಿಯುತ್ತದೆ, ಇಡೀ ರೈಫಲ್ ಹಿಂದೆ ಮುಂದೆ ಕುಲುಕುತ್ತದೆ. ಹಿಡಿತ ಒಂದು ಚೂರು ಬದಲಾದರೂ ಗುರಿ ಬದಲಾಗುತ್ತದೆ. ಪಿಸಿಪಿ ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ರೈಫಲ್. ಅದರಲ್ಲಿ ಈ ಕುಲುಕಾಟ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ದುಡ್ಡಿಗೆ ನಮ್ಮ ದೇಶದಲ್ಲೇ ತಯಾರಾದ ಪಿಸಿಪಿಗಳನ್ನು ನೋಡಿ, ಪ್ರೆಸಿಹೋಲ್‌ನಂಥವು. ಫೈನ್‌ವರ್ಕ್‌ಬೌ, ವಾಲ್ಥರ್, ಆನ್ಶುಟ್ಜ್ ಎಲ್ಲ ಜರ್ಮನಿಯವು, ಹೊಸದರ ಬೆಲೆ ಲಕ್ಷಗಳಲ್ಲಿ. ಗಾಳಿ ತುಂಬುವ ಖರ್ಚು ಮರೆಯಬೇಡಿ. ಮ್ಯಾಚ್ ಸಿಲಿಂಡರ್‌ಗಳಿಗೆ 200 ಬಾರ್ ಒತ್ತಡ ಬೇಕು. ಕೈ ಪಂಪ್‌ನಲ್ಲಿ ಹೊಡೆದರೆ ಜಿಮ್‌ಗೆ ಬೇರೆ ಹೋಗಬೇಕಿಲ್ಲ. ರೇಂಜ್‌ನಲ್ಲೇ ತುಂಬಿಕೊಡುತ್ತಾರಾ ಕೇಳಿ.

ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಸಿಕ್ಕರೆ ಬಣ್ಣ, ಗೀರು ನೋಡುವ ಮೊದಲು ಸಿಲಿಂಡರ್ ಮೇಲಿನ ತಾರೀಖು ನೋಡಿ. ಅದರ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅವಧಿ ಮೀರಿದ ಸಿಲಿಂಡರ್ ಹಿಡಿದು ಸ್ಪರ್ಧೆಗೆ ಹೋಗುವಂತಿಲ್ಲ, ಬಳಸುವುದೂ ಅಪಾಯ. ಹೊಸ ಸಿಲಿಂಡರ್‌ನ ಬೆಲೆ ಕಳೆದೇ ಚೌಕಾಸಿ ಮಾಡಿ.

ಸ್ಟಾಕ್ ನಿಮ್ಮ ಭುಜಕ್ಕೆ, ಕೆನ್ನೆಗೆ ಹೊಂದಿಸಲು ಬರುವಂತಿರಲಿ. ಸ್ಕೋಪ್‌ಗೆ ದುಡ್ಡು ಸುರಿಯಬೇಡಿ. 10 ಮೀಟರ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್ ಬೇಕು.

ಎಲ್ಲ ದುಡ್ಡನ್ನೂ ರೈಫಲ್‌ಗೇ ಹಾಕಿ ಮುಗಿಸುವುದು ಹೊಸಬರು ಮಾಡುವ ಕೆಲಸ. ಕಾಲು ಭಾಗವನ್ನಾದರೂ ಪೆಲೆಟ್‌ಗೆ, ಕೋಚಿಂಗ್‌ಗೆ ಇಡಿ. ಪೆಲೆಟ್ ಮೂತಿ ಚಪ್ಪಟೆಯಾಗಿರಬೇಕು, ಆಗ ಕಾಗದದಲ್ಲಿ ದುಂಡನೆಯ ತೂತು ಬೀಳುತ್ತದೆ. ಒಂದೇ ಕಂಪನಿಯ ಪೆಲೆಟ್ 4.49, 4.50, 4.51 ಹೀಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ನಿಮ್ಮ ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೆ ಅನ್ನುವುದನ್ನು ಹೊಡೆದೇ ನೋಡಬೇಕು. ರೈಫಲನ್ನು ಮೆತ್ತನೆಯ ಚೀಲದ ಮೇಲೆ ಇಟ್ಟು, ಪ್ರತಿ ಅಳತೆಯದರಲ್ಲೂ ಐದೈದು ಗುಂಡಿನ ಗ್ರೂಪ್ ನಾಲ್ಕಾರು ಸಲ ತೆಗೆಯಿರಿ. ಒಂದೇ ಒಂದು ಚೆಂದದ ಗ್ರೂಪ್ ನೋಡಿ ಡಬ್ಬಿಗಟ್ಟಲೆ ಕೊಳ್ಳಬೇಡಿ, ಅದು ಬರೀ ಅದೃಷ್ಟ ಇರಬಹುದು.

ನನ್ನನ್ನು ಕೇಳಿದರೆ ಮೂರು ತಿಂಗಳು ಏನನ್ನೂ ಕೊಳ್ಳಲೇಬೇಡಿ. ಮಾನ್ಯತೆ ಇರುವ ಒಂದು ರೈಫಲ್ ಕ್ಲಬ್ ಸೇರಿ, ಅವರ ರೈಫಲ್‌ನಲ್ಲೇ ಹೊಡೆಯಿರಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ, ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕ್ಲಬ್‌ನ ಸದಸ್ಯರು ಗುರಿ ಅಭ್ಯಾಸಕ್ಕೆಂದು .22 ರೈಫಲ್‌ಗೆ ಲೈಸೆನ್ಸ್ ಕೇಳುವುದಕ್ಕೆ ಪ್ರತ್ಯೇಕ ದಾರಿ ಇದೆ. ಬೆಂಗಳೂರಿನಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ. ಗೆಳೆಯನ ರೈಫಲ್‌ನ ಸದ್ದು, ಮದ್ದಿನ ವಾಸನೆ ಇನ್ನೂ ಕಾಡುತ್ತಿದ್ದರೆ ಮುಂದೆ ಆ ದಾರಿಯಲ್ಲಿ ಹೋಗಬಹುದು. ಬೋಲ್ಟ್ ಆಕ್ಷನ್ ಕೇಳಿ, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದೆ ಮುಂದೆ ಎಳೆಯುವ ರೈಫಲ್.

ಪ್ರಶ್ನೆ: ನಮ್ಮ ಮನೆಯ ತಾರಸಿ ಸರಿಯಾಗಿ 10 ಮೀಟರ್ ಉದ್ದ ಇದೆ. 13 ವರ್ಷದ ಮಗಳು ಅಲ್ಲೇ ಏರ್ ರೈಫಲ್ ಅಭ್ಯಾಸ ಮಾಡಬಹುದಾ?
– ಓದುಗರು, ಬಸವೇಶ್ವರನಗರ

ಉತ್ತರ: ತಾರಸಿ ಬೇಡವೇ ಬೇಡ ಅಮ್ಮಾ. ಬೆಂಗಳೂರಿನಲ್ಲಿ ಒಂದು ತಾರಸಿಯ ಆಚೆ ಇನ್ನೊಂದು ತಾರಸಿ, ಅಲ್ಲಿ ಬಟ್ಟೆ ಒಣಹಾಕುವವರು ಇರುತ್ತಾರೆ. ಲೈಸೆನ್ಸ್ ಬೇಡದ ಪೆಲೆಟ್ಟೂ ಕಣ್ಣು ತೆಗೆಯಬಲ್ಲದು. ಒಳಗೆ ಉದ್ದನೆಯ ಹಾಲ್ ಇದ್ದರೆ, ಗೋಡೆಗೆ ಆನಿಸಿ ಉಕ್ಕಿನ ಪೆಲೆಟ್ ಟ್ರ್ಯಾಪ್ ಇಟ್ಟು, ನಡುವೆ ಬಾಗಿಲು ತೆರೆಯದ ಜಾಗ ನೋಡಿ, ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿದ್ದರೆ ಆಗಬಹುದು.

ಮನೆಯಲ್ಲಿ ಪೆಲೆಟ್ ಇಲ್ಲದೆಯೇ ಅಭ್ಯಾಸ ಮಾಡುವುದು ಇನ್ನೂ ಒಳ್ಳೆಯದು. ಮ್ಯಾಚ್ ರೈಫಲ್‌ಗಳಲ್ಲಿ ಇದಕ್ಕೆಂದೇ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಗೋಡೆಯ ಮೇಲೆ ಚುಕ್ಕೆ ಹಚ್ಚಿ, ನಿಲ್ಲುವುದು, ಉಸಿರು, ಟ್ರಿಗರ್ ಇಷ್ಟನ್ನೇ ದಿನಾ 20 ನಿಮಿಷ ಮಾಡಲಿ. ಸ್ಪ್ರಿಂಗ್ ಗನ್ ಆದರೆ ಖಾಲಿ ಹೊಡೆಯಲು ಬಿಡಬೇಡಿ, ಪಿಸ್ಟನ್ ಹಾಳಾಗುತ್ತದೆ. ಪೆಲೆಟ್ ಮುಟ್ಟಿದ ಮೇಲೆ ಕೈ ಸೋಪು ಹಚ್ಚಿ ತೊಳೆದೇ ತಿಂಡಿಗೆ ಕೂರಲಿ, ಅದು ಸೀಸ.