8 ಸೆಕೆಂಡು ಎಲ್ಲಿ ಹೋಯಿತು?

ಪ್ರಶ್ನೆ: ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಬಳಸಿ ಆರ್ಡರ್ ನೋಡಿಕೊಳ್ಳುವ ಸೈಟ್ ಮಾಡಿದ್ದೇನೆ. ಆರ್ಡರ್ ಪಟ್ಟಿಯ ಪುಟ ತೆರೆಯಲು 8 ಸೆಕೆಂಡು ಹಿಡಿಯುತ್ತದೆ. ಒಂದು ಪುಟಕ್ಕೆ 200 ಆರ್ಡರ್. ಲೂಪಿನೊಳಗೆ ಪ್ರತಿ ಆರ್ಡರ್‌ಗೂ ಗ್ರಾಹಕರ ಹೆಸರು, ಐಟಂಗಳ ಒಟ್ಟು ಮೊತ್ತ ತರುತ್ತೇನೆ. ಐಟಂ ಟೇಬಲ್‌ನಲ್ಲಿ ಸುಮಾರು 3 ಲಕ್ಷ ಸಾಲುಗಳಿವೆ. ಡಬಲ್ ಕೋಟ್‌ಗಳನ್ನೆಲ್ಲ ಸಿಂಗಲ್ ಮಾಡಿದೆ, ಪ್ರಿಂಟ್ ತೆಗೆದು ಎಕೋ ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ನಿಧಾನವಾದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು) ಬರೆದಿಡುವ ಸ್ಲೋ ಕ್ವೆರಿ ಲಾಗ್ ಕೂಡ ಖಾಲಿ. ದೊಡ್ಡ ಸರ್ವರ್ ತಗೊಳ್ಳಲಾ?

ಉತ್ತರ: ಬೇಡ. ಕೋಟ್ ಬದಲಿಸುವ ಕೆಲಸವನ್ನೂ ಇಲ್ಲಿಗೇ ನಿಲ್ಲಿಸಿ. ಸಿಂಗಲ್ ಕೋಟ್, ಎಕೋ ಬೇಗ ಓಡುತ್ತವೆ ಅನ್ನುವ ಸಲಹೆ ಎಷ್ಟು ಹಳೆಯದೋ ಅಷ್ಟೇ ಗಟ್ಟಿ, ಯಾರೂ ಬಿಡುವುದಿಲ್ಲ! ನಿಮ್ಮ 8 ಸೆಕೆಂಡಿನಲ್ಲಿ ಅದರ ಪಾಲು ಲೆಕ್ಕಕ್ಕೂ ಸಿಗುವುದಿಲ್ಲ.

ಮೊದಲು ಸಮಯ ಎಲ್ಲಿ ಹೋಗುತ್ತಿದೆ ಅಂತ ಅಳೆಯಿರಿ. ದೊಡ್ಡ ಉಪಕರಣ ಬೇಕಿಲ್ಲ. ಸ್ಕ್ರಿಪ್ಟ್‌ನ ಶುರುವಿನಲ್ಲಿ, ಮೊದಲ ಕ್ವೆರಿ ಆದ ಮೇಲೆ, ಲೂಪ್ ಮುಗಿದ ಮೇಲೆ ಮೈಕ್ರೋಟೈಮ್ ಫಂಕ್ಷನ್ ಕೊಡುವ ಆ ಕ್ಷಣದ ಸಮಯ ಹಿಡಿದು, ವ್ಯತ್ಯಾಸವನ್ನು ಎರರ್ ಲಾಗ್‌ಗೆ ಬರೆಯಿರಿ. ನೀವು ಹೇಳಿದ್ದನ್ನು ನೋಡಿದರೆ, ಹೆಚ್ಚುಕಡಿಮೆ ಎಲ್ಲ ಸಮಯವೂ ಲೂಪಿನಲ್ಲೇ ಸಿಗುತ್ತದೆ ಅನ್ನುವುದು ನನ್ನ ಊಹೆ.

ಯಾಕೆ ಅಂದರೆ, ಪಟ್ಟಿಗೆ 1 ಕ್ವೆರಿ, ಹೆಸರಿಗೆ 200, ಮೊತ್ತಕ್ಕೆ 200. ಒಂದು ಪುಟಕ್ಕೆ 401 ಸಲ ಡೇಟಾಬೇಸ್ ಬಾಗಿಲು ತಟ್ಟುತ್ತಿದ್ದೀರಿ. ಹೆಸರಿನ ಕ್ವೆರಿ ಪ್ರೈಮರಿ ಕೀ (ಪ್ರತಿ ಸಾಲಿನ ವಿಶಿಷ್ಟ ಗುರುತು) ಮೇಲೆ ಹೋಗುವುದರಿಂದ ಬೇಗ ಮುಗಿಯುತ್ತದೆ. ಮೊತ್ತದ್ದೇ ತೊಂದರೆ. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಅನ್ನು ಅದರ ಮುಂದೆ ಹಾಕಿ ಓಡಿಸಿ ನೋಡಿ. ಟೈಪ್ ಕಾಲಂನಲ್ಲಿ 'ಆಲ್', ಕೀ ಕಾಲಂನಲ್ಲಿ 'ನಲ್', ಸಾಲುಗಳ ಅಂದಾಜು 3 ಲಕ್ಷದ ಹತ್ತಿರ ಬಂದರೆ ಆರ್ಡರ್ ಐಡಿ ಮೇಲೆ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಲು ಇರುವ ಸೂಚಿ) ಇಲ್ಲ ಅಂತಲೇ ಅರ್ಥ. ಒಂದೊಂದು ಆರ್ಡರ್‌ಗೂ ಇಡೀ ಟೇಬಲ್ ಜಾಲಾಡುತ್ತಿದೆ. 200 ಸಲ ಅಂದರೆ 6 ಕೋಟಿ ಸಾಲು! ಒಂದು ಸಲಕ್ಕೆ 40 ಮಿಲಿಸೆಕೆಂಡ್ ಅಂತ ಹಿಡಿಯಿರಿ, 8 ಸೆಕೆಂಡಿನ ಲೆಕ್ಕ ಸಿಕ್ಕಿತು.

ಸ್ಲೋ ಲಾಗ್ ಯಾಕೆ ಖಾಲಿ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಅದರ ಡೀಫಾಲ್ಟ್ ಮಿತಿ 10 ಸೆಕೆಂಡು. 40 ಮಿಲಿಸೆಕೆಂಡಿನ ಕ್ವೆರಿ ಅದರ ಕಣ್ಣಿಗೆ ಬೀಳುವುದೇ ಇಲ್ಲ, ಎಷ್ಟು ಸಲ ಬಂದರೂ ಅಷ್ಟೇ. ಇಂಡೆಕ್ಸ್ ಬಳಸದ ಕ್ವೆರಿಗಳನ್ನೂ ಬರೆದಿಡು ಅನ್ನುವ ಸೆಟ್ಟಿಂಗ್ ಇದೆ. ಒಂದು ಗಂಟೆ ಆನ್ ಮಾಡಿಡಿ, ಆಮೇಲೆ ಮರೆಯದೆ ತೆಗೆಯಿರಿ, ಲಾಗ್ ಬೇಗ ಊದಿಕೊಳ್ಳುತ್ತದೆ.

ಈಗ ಆರ್ಡರ್ ಐಡಿ ಕಾಲಂಗೆ ಇಂಡೆಕ್ಸ್ ಹಾಕಿ. (ಅದನ್ನು ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ, ಅಂತ ಘೋಷಿಸಿದ್ದರೆ ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಇಂಜಿನ್ ಇನ್ನೋಡಿಬಿ ತಾನೇ ಹಾಕಿರುತ್ತಿತ್ತು.) ಪುಟ ಅಷ್ಟಕ್ಕೇ ಚುರುಕಾಗುತ್ತದೆ, ಆದರೆ ಅಲ್ಲಿಗೆ ನಿಲ್ಲಬೇಡಿ. ಗ್ರಾಹಕರ ಹೆಸರನ್ನು ಜಾಯಿನ್ ಮಾಡಿ ಪಟ್ಟಿಯ ಜೊತೆಗೇ ತನ್ನಿ. ಬಂದ 200 ಐಡಿಗಳನ್ನು ಒಂದು ಅರೇಯಲ್ಲಿಟ್ಟು, 'ಇನ್' ಮತ್ತು 'ಗ್ರೂಪ್ ಬೈ' ಹಾಕಿ ಎಲ್ಲ ಮೊತ್ತವನ್ನೂ ಒಂದೇ ಕ್ವೆರಿಯಲ್ಲಿ ತನ್ನಿ. 401 ಇದ್ದದ್ದು 2 ಆಯಿತು. ಲೂಪಿನೊಳಗೆ ಕ್ವೆರಿ ಕಂಡರೆ ನನಗಂತೂ ಕೈ ತುರಿಸುತ್ತದೆ.

ಹಾಗಂತ ಸಿಕ್ಕ ಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಬೇಡಿ. ಪ್ರತಿ ಹೊಸ ಸಾಲು ಸೇರಿದಾಗಲೂ ಅವೆಲ್ಲ ಬದಲಾಗಬೇಕು. ಇನ್ನೊಂದು, ಇಂಡೆಕ್ಸ್ ಇದ್ದರೂ ಉಪಯೋಗಕ್ಕೆ ಬಾರದ ಹಾಗೆ ಬರೆಯುವವರಿದ್ದಾರೆ. ದಿನಾಂಕದ ಕಾಲಂಗೆ ಇಯರ್ ಫಂಕ್ಷನ್ ಸುತ್ತಿ '= 2024' ಅಂದರೆ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. 2024ರ ಜನವರಿ 1ರಿಂದ 2025ರ ಜನವರಿ 1ರ ಒಳಗೆ ಅಂತ ಬರೆಯಿರಿ.

ಪಿಎಚ್‌ಪಿ ಕಡೆಯದ್ದು ಆಮೇಲೆ. ಆಪ್‌ಕ್ಯಾಶ್ ಆನ್ ಇದೆಯಾ ನೋಡಿ. 2013ರ 5.5 ಆವೃತ್ತಿಯಿಂದ ಜೊತೆಗೇ ಬರುತ್ತಿದೆ. ಸ್ಕ್ರಿಪ್ಟ್ ಅನ್ನು ಪ್ರತಿ ಸಲ ಹೊಸದಾಗಿ ಕಂಪೈಲ್ ಮಾಡುವುದು ಅದರಿಂದ ತಪ್ಪುತ್ತದೆ. ಲೈವ್ ಸರ್ವರ್‌ನಲ್ಲಿ ತಪ್ಪು ಹುಡುಕಲು ಬಳಸುವ ಎಕ್ಸ್‌ಡೀಬಗ್ ಇದ್ದರೆ ತೆಗೆಯಿರಿ. 2020ರಲ್ಲಿ ಪಿಎಚ್‌ಪಿ 8ರ ಜೊತೆ ಬಂದ ಜಿಟ್ (ಕೋಡ್ ಓಡುವಾಗಲೇ ಅದನ್ನು ಯಂತ್ರಭಾಷೆಗೆ ಬದಲಿಸುವ ವ್ಯವಸ್ಥೆ) ಬಗ್ಗೆ ಜಾಸ್ತಿ ಆಸೆ ಬೇಡ. ಅದು ಲೆಕ್ಕಾಚಾರ ಜಾಸ್ತಿ ಇರುವ ಕೋಡ್‌ಗೆ. ನಿಮ್ಮ ಸ್ಕ್ರಿಪ್ಟ್ ಮಾಡುತ್ತಿರುವುದು ಸುಮ್ನೆ ಡೇಟಾಬೇಸ್‌ಗೆ ಕಾಯುವ ಕೆಲಸ, ಅಲ್ವಾ?

ಪ್ರಶ್ನೆ: ಡ್ಯಾಶ್‌ಬೋರ್ಡ್‌ನ ಮೂರು ಭಾಗಗಳಿಗೆ ಒಟ್ಟಿಗೇ ಅಜಾಕ್ಸ್ (ಪುಟ ಮತ್ತೆ ತೆರೆಯದೆ ಹಿನ್ನೆಲೆಯಲ್ಲಿ ಹೋಗುವ) ರಿಕ್ವೆಸ್ಟ್ ಕಳಿಸುತ್ತೇನೆ. ಉತ್ತರ ಮಾತ್ರ ಒಂದಾದ ಮೇಲೆ ಒಂದು ಬರುತ್ತದೆ. ಯಾಕೆ?

ಉತ್ತರ: ಸೆಷನ್ ಬೀಗ. ಸೆಷನ್, ಅಂದರೆ ಬಳಕೆದಾರರ ಮಾಹಿತಿ ನೆನಪಿಡುವ ಜಾಗ, ಫೈಲಿನಲ್ಲಿದ್ದರೆ, ಸೆಷನ್ ಸ್ಟಾರ್ಟ್ ಆದ ಕೂಡಲೇ ಆ ಫೈಲಿಗೆ ಬೀಗ ಬೀಳುತ್ತದೆ. ಸ್ಕ್ರಿಪ್ಟ್ ಮುಗಿಯುವ ತನಕ ಅದೇ ಬಳಕೆದಾರರ ಉಳಿದ ರಿಕ್ವೆಸ್ಟ್‌ಗಳು ಕಾಯಬೇಕು. ಬೇಕಾದ್ದನ್ನು ಓದಿಕೊಂಡು ತಕ್ಷಣ ಬೀಗ ಬಿಡಿಸುವ ಸೆಷನ್_ರೈಟ್_ಕ್ಲೋಸ್ ಕರೆಯಿರಿ. ಉದ್ದದ ಕೆಲಸವೆಲ್ಲ ಆಮೇಲೆ.

ಪ್ರಶ್ನೆ: ಹೊರಗಿನ ಎಪಿಐ (ನಾವು ಮಾಹಿತಿ ಕೇಳುವ ಬೇರೆಯವರ ಸೇವೆ) ಕೈಕೊಟ್ಟಾಗ ನಮ್ಮ ಪುಟವೂ ನಿಂತುಬಿಡುತ್ತದೆ. ಸ್ಕ್ರಿಪ್ಟ್ ಓಡುವ ಗರಿಷ್ಠ ಸಮಯ 30 ಸೆಕೆಂಡ್ ಅಂತ ಇಟ್ಟಿದ್ದೇನಲ್ಲ?

ಉತ್ತರ: ಲಿನಕ್ಸ್‌ನಲ್ಲಿ ಆ 30 ಸೆಕೆಂಡಿಗೆ ಹೊರಗಿನ ಉತ್ತರಕ್ಕೆ ಕಾದ ಸಮಯ ಸೇರುವುದಿಲ್ಲ. ಹೊರಗಿನ ಸರ್ವರ್ ಜೊತೆ ಮಾತಾಡಲು ಬಳಸುವ ಕರ್ಲ್‌ನ ಒಟ್ಟು ಟೈಮ್‌ಔಟ್ ಡೀಫಾಲ್ಟ್ ಆಗಿ 0, ಅಂದರೆ ಮಿತಿಯೇ ಇಲ್ಲ. ಸಂಪರ್ಕಕ್ಕೆ 2 ಸೆಕೆಂಡು, ಒಟ್ಟಿಗೆ 5 ಸೆಕೆಂಡು ಅಂತ ನೀವೇ ಇಡಿ. ಅಷ್ಟರೊಳಗೆ ಬರದಿದ್ದರೆ ಹಿಂದಿನ ಸಲ ಕ್ಯಾಶ್‌ನಲ್ಲಿ ಇಟ್ಟ ಉತ್ತರ ತೋರಿಸಿ.