ಐಸೆನ್‌ಹೋವರ್ ಅವರ ಊರು ಮತ್ತು ದನದ ವ್ಯಾಪಾರ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಕನ್ಸಾಸ್ ರಾಜ್ಯಕ್ಕೆ ಹೋಗಿದ್ದಾಗ ಅಬಿಲೀನ್ ಎಂಬ ಸಣ್ಣ ಊರನ್ನು ನೋಡಿದೆವು. ಅದು ಅಧ್ಯಕ್ಷ ಐಸೆನ್‌ಹೋವರ್ ಹುಟ್ಟಿದ ಊರೆಂದು ಒಬ್ಬರು ಹೇಳಿದರೆ, ದನದ ವ್ಯಾಪಾರದಿಂದ ಹೆಸರಾದ ಊರೆಂದು ಇನ್ನೊಬ್ಬರು ಹೇಳಿದರು. ಯಾವುದು ನಿಜ?
– ಓದುಗರೊಬ್ಬರು, ಹಾವೇರಿ

ಉತ್ತರ: ಎರಡನೆಯದು ನಿಜ. ಐಸೆನ್‌ಹೋವರ್ 1890ರಲ್ಲಿ ಹುಟ್ಟಿದ್ದು ಟೆಕ್ಸಸ್ ರಾಜ್ಯದ ಡೆನಿಸನ್‌ನಲ್ಲಿ. ಎರಡು ವರ್ಷಗಳ ನಂತರ ಅವರ ಕುಟುಂಬ ಅಬಿಲೀನ್‌ಗೆ ಬಂದಾಗ ಅಲ್ಲಿನ ದನದ ವ್ಯಾಪಾರ ನಿಂತು ಎರಡು ದಶಕಗಳೇ ಕಳೆದಿದ್ದವು.

ಆ ವ್ಯಾಪಾರವನ್ನು ಊರಿಗೆ ತಂದವನು ಇಲಿನಾಯ್ ರಾಜ್ಯದ ಜೋಸೆಫ್ ಮೆಕಾಯ್. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಸ್‌ನಲ್ಲಿ ದನಗಳು ಲೆಕ್ಕವಿಲ್ಲದಷ್ಟಿದ್ದರೂ ಕೊಳ್ಳುವವರಿರಲಿಲ್ಲ. ಅಲ್ಲಿ ನಾಲ್ಕೈದು ಡಾಲರಿಗೆ ಸಿಗುತ್ತಿದ್ದ ದನಕ್ಕೆ ಉತ್ತರದ ಪೇಟೆಗಳಲ್ಲಿ ಅದರ ಹಲವು ಪಟ್ಟು ಬೆಲೆಯಿತ್ತು. ಆದರೆ ನಡುವಿನ ಮಿಸೌರಿಯ ರೈತರು ಆ ಹಿಂಡುಗಳನ್ನು ತಡೆಯುತ್ತಿದ್ದರು. ಅವು ಹಾದುಹೋದಲ್ಲೆಲ್ಲ ಊರ ದನಗಳು ಜ್ವರ ಬಂದು ಸಾಯುತ್ತಿದ್ದವು, ಟೆಕ್ಸಸ್ ದನಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಈ ಜ್ವರ ಹರಡುವುದು ದನದ ಮೈಗೆ ಹತ್ತುವ ಉಣ್ಣಿಯಿಂದ ಎಂಬುದನ್ನು ವಿಜ್ಞಾನಿಗಳಾದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು; ಎತ್ತಿನ ಕಿವಿಯ ಸಂದಿಯಿಂದ ಉಣ್ಣಿ ಕಿತ್ತು ಗೊತ್ತಿರುವ ನಿಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿಸೌರಿಯ ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಸರಿದ ಮೆಕಾಯ್, 1867ರಲ್ಲಿ ಕನ್ಸಾಸ್ ಪೆಸಿಫಿಕ್ ರೈಲುಮಾರ್ಗದ ಮೇಲಿದ್ದ, ಬೆರಳೆಣಿಕೆಯಷ್ಟು ಮನೆಗಳ ಅಬಿಲೀನ್‌ನಲ್ಲಿ ಜಾಗ ಕೊಂಡು ದನದ ದೊಡ್ಡಿಗಳನ್ನೂ ವ್ಯಾಪಾರಿಗಳು ತಂಗಲು ಹೋಟೆಲನ್ನೂ ಕಟ್ಟಿಸಿದನು. ಸೆಪ್ಟೆಂಬರ್ 5ರಂದು ಮೊದಲ 20 ಬೋಗಿ ದನಗಳು ಶಿಕಾಗೋ ಕಡೆಗೆ ಹೊರಟವು. ನಿಮ್ಮೂರ ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಒಂದೊಂದು ಜೋಡಿಗೂ ಬೆಲೆ ಕುದುರಿಸಿದರೆ, ಅಲ್ಲಿ ವಾರಗಟ್ಟಲೆ ನಡೆದು ಬಂದ ದನಗಳು ಹಿಂಡುಹಿಂಡಾಗಿ ಮಾರಾಟವಾಗುತ್ತಿದ್ದವು.

ಹಿಂಡಿನೊಂದಿಗೆ ಬಂದವರು ಕೂಲಿ ಹಣ ಕೈಗೆ ಬಂದೊಡನೆ ಕುಡಿತ, ಜೂಜುಗಳಿಗೆ ಇಳಿಯುತ್ತಿದ್ದರು. 1870ರಲ್ಲಿ ಮಾರ್ಷಲ್, ಅಂದರೆ ಊರಿನ ಪೊಲೀಸ್ ಅಧಿಕಾರಿ ಆದ ಟಾಮ್ ಸ್ಮಿತ್ ಊರೊಳಗೆ ಬಂದೂಕು ಹಿಡಿದು ತಿರುಗುವುದನ್ನು ತಡೆದು, ಎದುರು ಬಿದ್ದವರನ್ನು ಬರಿಗೈ ಗುದ್ದಿನಿಂದಲೇ ಮಣಿಸಿದನು. ಅದೇ ನವೆಂಬರಿನಲ್ಲಿ ಆರೋಪಿಯೊಬ್ಬನನ್ನು ಬಂಧಿಸಲು ಹೋಗಿ ಕೊಲೆಯಾದನು. ಮುಂದಿನ ವರ್ಷ ಮಾರ್ಷಲ್ ಆಗಿ ಬಂದ ವೈಲ್ಡ್ ಬಿಲ್ ಹಿಕಾಕ್, ಅಕ್ಟೋಬರ್ 5ರ ರಾತ್ರಿ ಜೂಜುಕೋರ ಫಿಲ್ ಕೋ ಮೇಲೆ ಗುಂಡು ಹಾರಿಸಿದ ಗದ್ದಲದಲ್ಲಿ, ನೆರವಿಗೆ ಓಡಿಬಂದ ತನ್ನದೇ ಸಹಾಯಕನನ್ನೂ ಕೊಂದು, ಡಿಸೆಂಬರಿನಲ್ಲಿ ಕೆಲಸ ಕಳೆದುಕೊಂಡನು. ಸಿನಿಮಾದವರಿಗೆ ಹಿಕಾಕ್ ಬೇಕು. ನನಗೆ ಸ್ಮಿತ್ ದೊಡ್ಡವನಾಗಿ ಕಾಣುತ್ತಾನೆ, ಐಸೆನ್‌ಹೋವರ್ ಅವರೂ ಮೆಚ್ಚಿಕೊಂಡಿದ್ದು ಅವನನ್ನೇ. ಈ ಗಲಾಟೆಗಳಿಂದ ಬೇಸತ್ತ ಊರವರು 1872ರಲ್ಲಿ ಟೆಕ್ಸಸ್‌ನವರಿಗೆ ಇನ್ನು ಬರಬೇಡಿರೆಂದು ಹೇಳಿ ಕಳುಹಿಸಿದರು, ವ್ಯಾಪಾರ ಕನ್ಸಾಸ್‌ನದೇ ಬೇರೆ ಊರುಗಳಾದ ಎಲ್ಸ್‌ವರ್ತ್, ವಿಚಿಟಾಗಳ ಪಾಲಾಯಿತು.

ಐಸೆನ್‌ಹೋವರ್ ಅವರು ಅಬಿಲೀನ್‌ನ ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು, 1911ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಸೇರಿದರು. ಅಧಿಕಾರದಲ್ಲಿದ್ದಾಗಲೇ ಭಾರತಕ್ಕೆ ಬಂದ ಮೊದಲ ಅಮೆರಿಕನ್ ಅಧ್ಯಕ್ಷರೂ ಅವರೇ, 1959ರಲ್ಲಿ. ಅವರ ಬಾಲ್ಯದ ಮನೆಯನ್ನೂ ಸಮಾಧಿಯನ್ನೂ ನೀವು ನೋಡಿರಬಹುದು. ಟಾಮ್ ಸ್ಮಿತ್‌ನ ಸಮಾಧಿಯೂ ಅದೇ ಊರಿನಲ್ಲಿದೆ.